ಸೂಪಿಗೆ ಮುಂಚಿನ ಕುಣಿತ

ಕೋಪ ಬಂದ ದಿನ ತೆಲೆಸಿಯಾ ಅಂಗಳವನ್ನು ಎರಡು ಸಲ ಗುಡಿಸುತ್ತಾಳೆ. ಒಮ್ಮೆ ದೀವಿಹಲಸಿನ ಎಲೆ ಗುಡಿಸಲು, ಇನ್ನೊಮ್ಮೆ ಯಾರ ಮೇಲೆ ಕೋಪವೋ ಅವರನ್ನು ಗುಡಿಸಲು. ಆ ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಆಕೆ ನಾಲ್ಕನೇ ಸಲ ಗುಡಿಸುತ್ತಿದ್ದಳು. ಎಲೆ ಹಾಗಿರಲಿ, ಮಣ್ಣೂ ಉಳಿದಿರಲಿಲ್ಲ. ಅಡಿಯ ಕಪ್ಪು ಲಾವಾ ಕಲ್ಲು ಹಲ್ಲು ಕಿರಿಯುತ್ತಿತ್ತು. ಬೇಲಿಯ ಬಳಿ ನಿಂತಿದ್ದ ಗೆಳತಿ ಲೂಸೆ, "ಹೀಗೇ ಗುಡಿಸ್ತಾ ಹೋದ್ರೆ ಸಂಜೆಯೊಳಗೆ ಪಕ್ಕದ ದ್ವೀಪ ಮುಟ್ತೀಯ ಕಣೇ" ಎಂದಳು.

ತೆಲೆಸಿಯಾ ಪೊರಕೆಯ ತುದಿಯನ್ನು ಲೂಸೆಯ ಕೈಯಲ್ಲಿದ್ದ ಫೋನಿನತ್ತ ಚಾಚಿ, ಆ ಫೋಟೋ ಇನ್ನೊಮ್ಮೆ ತೋರಿಸು ಎಂದಳು. ಬೆಳಿಗ್ಗೆಯಿಂದ ಅದು ಐದನೇ ಸಲ.

ಫೋಟೋದಲ್ಲಿ ಒಬ್ಬ ಬಿಳಿಯ. ಬೆಂದ ಸೀಗಡಿಯಂಥ ಮುಖ, ಒಂದು ಕೈಯಲ್ಲಿ ಬಿಯರ್, ಇನ್ನೊಂದು ಕೈಯಲ್ಲಿ ಎತ್ತಿದ ಹೆಬ್ಬೆರಳು, ಗಲ್ಲದವರೆಗೆ ಚಾಚಿದ ನಾಲಿಗೆ. ಕಡಲತೀರದ ಹೋಟೆಲಿನ ಅತಿಥಿ. ತಲೆ ಪೂರಾ ಬೋಳು ಎಂದು ಹೋಟೆಲಿನಲ್ಲಿ ಬಟ್ಟೆ ಒಗೆಯುವ ಲೂಸೆಯ ಮಗಳು ಆನಾ ಹೇಳಿದ್ದಳು. ಫೋಟೋದಲ್ಲಿ ಮಾತ್ರ ಬೋಳು ಕಾಣುತ್ತಿರಲಿಲ್ಲ. ಅದರ ಮೇಲೆ ತೆಲೆಸಿಯಾಳ ಕೂದಲಿತ್ತು.

ಇದು ಅಲಂಕಾರದ ಮಾತಲ್ಲ. ಸಮೋವದ ಸವಾಯಿ ದ್ವೀಪದ ಈ ಫಂಗಾಸಿನ ಎಂಬ ಊರಿಗೆ ತುಯಿಂಗ ಎನ್ನುವ ಶಿರೋಭೂಷಣ ಇರುವುದು ಒಂದೇ ಒಂದು. ಹೆಂಗಸರ ಕೂದಲಿಗೆ ಸುಣ್ಣ ಹಚ್ಚಿ, ತಿಂಗಳುಗಟ್ಟಲೆ ಬಿಸಿಲಿಗೆ ಹಾಕಿ, ಮೆಕ್ಕೆಜೋಳದ ಕೂದಲಿನ ಬಣ್ಣಕ್ಕೆ ತಂದು ಎತ್ತಿಕಟ್ಟಿದ ಗೋಪುರ ಅದು. ಹಣೆಗೆ ಹೊಳೆಯುವ ಚಿಪ್ಪುಗಳ ಪಟ್ಟಿ, ಮೇಲೆ ಕಡ್ಡಿಗಳ ಚೌಕಟ್ಟು. ಧರಿಸುವ ಹಕ್ಕು ಊರಿನ ಮುಖ್ಯಸ್ಥ ವಾಯ್‌ಲೂಪೆಯ ಮನೆತನದ್ದು. ಅದನ್ನು ಕಾಪಾಡುವ, ತಲೆಗೆ ಕಟ್ಟುವ ಹಕ್ಕು ತೆಲೆಸಿಯಾಳ ಮನೆಯದು; ಮುಖ್ಯಸ್ಥನ ಪರವಾಗಿ ಸಭೆಯಲ್ಲಿ ಎದ್ದು ಮಾತಾಡುವ ವಾಗ್ಮಿಗಳ ಮನೆ ಅದು. ಹಕ್ಕಿಲ್ಲದವರು ಹಾಕಿಕೊಂಡರೆ ಯಾರು ಬೇಕಾದರೂ ಎದ್ದುಹೋಗಿ ತಲೆಯಿಂದ ಕಿತ್ತು ತರಬಹುದು. ತೆಲೆಸಿಯಾಳ ಅಜ್ಜಿ ಒಮ್ಮೆ ಹಾಗೆ ಕಿತ್ತು ತಂದಿದ್ದಳಂತೆ. ಜೊತೆಗೆ ಅಷ್ಟಿಷ್ಟು ತಲೆಚರ್ಮವೂ ಬಂದಿತ್ತಂತೆ.

ತೆಲೆಸಿಯಾಳಿಗೆ ಹತ್ತೊಂಬತ್ತು ತುಂಬಿದ ವರ್ಷ ಊರಿನ ಕಲ್ಲಿನ ಇಗರ್ಜಿ ಕಟ್ಟಿ ಮುಗಿಯಿತು. ಪ್ರತಿಷ್ಠೆಗೆ ಎರಡು ತಿಂಗಳಿರುವಾಗ ತುಯಿಂಗದ ಪೆಟ್ಟಿಗೆ ತೆರೆದರೆ ಒಳಗೆ ಹುಳುಗಳ ಹಬ್ಬ ನಡೆದಿತ್ತು. ಅವಳಪ್ಪ ಕತ್ತರಿ ಹಿಡಿದು ಮನೆಯ ಮೂವರು ಹೆಂಗಸರನ್ನು ಸಾಲಾಗಿ ಕೂರಿಸಿದ: ಹೆಂಡತಿ, ಹಿರಿಮಗಳು ಲೋಸ, ಕಿರಿಮಗಳು ತೆಲೆಸಿಯಾ. ತೆಲೆಸಿಯಾಳ ಜಡೆ ಮೊಣಕಾಲು ಮುಟ್ಟುತ್ತಿತ್ತು. ಬಿಟ್ಟ ಕೂದಲು ಸೈತಾನನ ಗಾಳ ಎಂದು ಎಂಟು ವರ್ಷ ಕಾನ್ವೆಂಟಿನಲ್ಲಿ ಅದನ್ನು ಹೆಣೆಸಿದ್ದರು ಸಿಸ್ಟರ್ ಪೆರ್ಪೆತುವಾ. ಸೈತಾನನ ಕೈಗೂ ಸಿಗದೆ ಅದು ಕತ್ತರಿಗೆ ಸಿಕ್ಕಿತು. ಪ್ರತಿಷ್ಠೆಯ ದಿನ ವಾಯ್‌ಲೂಪೆಯ ಅಕ್ಕ ಅದನ್ನು ತಲೆಗೆ ಕಟ್ಟಿಸಿಕೊಂಡು ಕುಣಿದಳು. ಗಂಡುಮಕ್ಕಳ ಹಾಗೆ ಮೊಟಕು ತಲೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ತೆಲೆಸಿಯಾ ನೋಡಿದಳು. ಅವಳ ಕೂದಲು ಕುಣಿಯಿತು, ಅವಳು ಕೂತಿದ್ದಳು.

ಕಟ್ಟುವ ಮನೆಯವರು ನಡುವೆ ನಿಂತು ಕುಣಿಯುವಂತಿಲ್ಲ. ಅವರಿಗೆ ಇರುವುದು ಐವುಲಿ. ನಡುವಿನವಳು ಕೈಬೆರಳುಗಳಲ್ಲೇ ಗಾಳಿ ಸವರುತ್ತ ಗಂಭೀರವಾಗಿ ಕುಣಿಯುವಾಗ ಇವರು ಸುತ್ತ ನುಗ್ಗಿ ಕೋತಿಚೇಷ್ಟೆ ಮಾಡಬೇಕು: ಕೂಗಬೇಕು, ಮುಗ್ಗರಿಸಬೇಕು, ಮಣ್ಣಿನಲ್ಲಿ ಹೊರಳಬೇಕು. ಇವರು ಎಷ್ಟು ನೆಲಕ್ಕಿಳಿದರೆ ಅವಳು ಅಷ್ಟು ಎತ್ತರ. ತೆಲೆಸಿಯಾ ನಲವತ್ತು ವರ್ಷ ಹೊರಳಿದಳು. ಮದುವೆಯಾದಳು, ವಿಧವೆಯಾದಳು, ಮಂಡಿ ಸವೆಯಿತು, ಹೊರಳುವುದು ತಪ್ಪಲಿಲ್ಲ. ಅಕ್ಕ ಲೋಸ ಸತ್ತು, ತಾಯಿ ಸತ್ತು, ಅವರಿಬ್ಬರದು ಎಂದು ಕೈಯಲ್ಲಿ ಹಿಡಿಯಬಹುದಾದ್ದು ಆ ತುಯಿಂಗವೊಂದೇ ಉಳಿಯಿತು.

ಊರಿನ ಹೆಣ್ಣುಮಕ್ಕಳಿಗೆಲ್ಲ ಕುಣಿತ ಕಲಿಸಿದವಳೂ ಅವಳೇ. ಮೊದಲ ತಿಂಗಳು ಕೈಕಾಲು ಆಡಿಸುವಂತಿಲ್ಲ, ಬರಿಯ ನಾಲಿಗೆಯ ಪಾಠ. ಒಂದೇ ಮುಖದ ಮಾತುಗಳನ್ನು ಬೇರೆ ಮಾಡಿ ನಿಲ್ಲಿಸುವ ಚಟ ಅವಳಿಗೆ ಸಿಸ್ಟರ್ ಪೆರ್ಪೆತುವಾರಿಂದ ಅಂಟಿದ್ದು. ಸಿವ ಎಂದರೆ ಕುಣಿತ. (ಕೈಲಾಸದವನಿಗೂ ಇದಕ್ಕೂ ನಂಟು ಹುಡುಕಬೇಡಿ; ಅವನು ಕುಣಿಯುವುದು ಕಾಲಲ್ಲಿ, ಇಲ್ಲಿ ಕುಣಿಯುವುದು ಕೈ.) ಇವ ಎಂದರೆ ಒಂಬತ್ತು. ನೆರೆಯ ಟೋಂಗಾದಲ್ಲಿ ಹಾಡಿಗೂ ಹಿವ, ಒಂಬತ್ತಕ್ಕೂ ಹಿವ. ಹಾಡುತ್ತಿದ್ದಾರೋ ಎಣಿಸುತ್ತಿದ್ದಾರೋ ಅವರಿಗೇ ಗೊತ್ತಿಲ್ಲ ಎಂದು ತೆಲೆಸಿಯಾ ಮೂಗು ಮುರಿಯುತ್ತಿದ್ದಳು. ತೌಲಂಗ ಎಂದರೆ ಭಾನುವಾರ ಇಗರ್ಜಿಗೆ ಒಪ್ಪಿಸುವ ಕಾಣಿಕೆ. ಹಡಗು ನಿಲ್ಲುವ ಪಟ್ಟಣಕ್ಕೂ ಅದೇ ಹೆಸರು. ತೌವಲುಂಗ ಬೇರೆ. ಲುಂಗ ಎಂದರೆ ಮೇಲೆ. (ಲುಂಗಿ ಅಲ್ಲ, ಅದು ಕೆಳಗೆ.) ಮನೆ ಕಟ್ಟುವಾಗ ಎಲ್ಲ ಮುಗಿದ ಮೇಲೆ ಸೂರಿನ ನೆತ್ತಿ ಮುಚ್ಚುವ ಕೆಲಸವಿದೆಯಲ್ಲ, ಅದು ತೌವಲುಂಗ. ಸಮಾರಂಭದಲ್ಲಿ ಎಲ್ಲ ಮುಗಿದ ಮೇಲೆ ಮುಖ್ಯಸ್ಥನ ಮಗಳು ತುಯಿಂಗ ಕಟ್ಟಿಕೊಂಡು ಕುಣಿಯುವುದೂ ತೌವಲುಂಗವೇ. ಅದಾದ ಮೇಲೆ ಕುಣಿತವಿಲ್ಲ. ಸೂರು ಮುಚ್ಚಿದ ಮೇಲೆ ಯಾರೂ ಕಂಬ ನೆಡುವುದಿಲ್ಲ. ಐದು ವರ್ಷದ ಮಕ್ಕಳೂ ಇದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವ ಹಾಗೆ ಅವಳು ತಿದ್ದಿದ್ದಳು.

ಸೆಫೊನನ್ನೂ ತಿದ್ದಿದ್ದಳು. ಕೋಪ ಬರುವುದು ಅದಕ್ಕೇ. ಬಿಳಿಯರು ಏನಾದರೂ ಮಾಡಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಸೆಫೊ ಅವಳ ಸೋದರಸಂಬಂಧಿಯ ಮಗ. ವಾಯ್‌ಲೂಪೆ ಗುತ್ತಿಗೆಗೆ ಕೊಟ್ಟ ಜಾಗದಲ್ಲಿ ಎದ್ದ ಹೋಟೆಲಿನಲ್ಲಿ ಅತಿಥಿಗಳ ಮನರಂಜನೆಗೆ ಅವನೇ ಮೇಲ್ವಿಚಾರಕ. ಎರಡು ವರ್ಷದ ಹಿಂದೆ ಒಂದು ಭಾನುವಾರ, ಪೂಜೆ ಮುಗಿಸಿ ಊಟ ಮಾಡಿ ಎಲ್ಲರೂ ತೂಕಡಿಸುವ ಹೊತ್ತಿನಲ್ಲಿ ಬಂದ. ಕಂಕುಳಲ್ಲಿ ಒಂದು ನವಿರಾದ ಚಾಪೆ, ರೇಷ್ಮೆಯಂತೆ ಮೆತ್ತಗಿನದು. ಚಕ್ಕಳಮಕ್ಕಳ ಹಾಕಿ ಕೂತು, ಅದನ್ನು ಅವಳ ಮುಂದೆ ಬಿಡಿಸಿ, ಸಭೆಯ ಭಾಷೆಯಲ್ಲಿ ತುಯಿಂಗ ಬೇಡಿದ. ತಿಂಗಳಿಗೊಮ್ಮೆ, ಅದೂ ವಾಯ್‌ಲೂಪೆಯ ಮಗಳು ಮೊಯೆಲಂಗಿಯ ತಲೆಗೇ. ರಕ್ತಸಂಬಂಧಿ ಚಾಪೆ ಬಿಡಿಸಿದ ಮೇಲೆ ಇಲ್ಲ ಅನ್ನುವುದೆಂದರೆ ಅದನ್ನು ಸುತ್ತಿ ಅವನ ಮುಖಕ್ಕೆ ಎಸೆದ ಹಾಗೆ. ಅವನಿಗೆ ಅದು ಗೊತ್ತಿತ್ತು. ಅವನಿಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು. ಕೊಟ್ಟಳು. ಕುಣಿತಗಳ ಹೆಸರು, ಅರ್ಥ, ಕ್ರಮ ಬರೆದುಕೊಡಿ ಎಂದ. ಕಾನ್ವೆಂಟಿನ ದುಂಡಕ್ಷರದಲ್ಲಿ ಎರಡು ಹಾಳೆ ಬರೆದೂ ಕೊಟ್ಟಳು.

ತಿಂಗಳಿಗೊಮ್ಮೆ ಎನ್ನುವುದು ವಾರಕ್ಕೊಮ್ಮೆಯಾಯಿತು, ಆಮೇಲೆ ದಿನಾ ಸಂಜೆಯಾಯಿತು. ಹೋಟೆಲಿನ ಮೇಜುಗಳ ಮೇಲೆ ಬಣ್ಣದ ಕಾರ್ಡು ಬಂತು. ಅದರಲ್ಲಿ ಎಲ್ಲಕ್ಕಿಂತ ಮೇಲೆ, ಒಂದನೇ ನಂಬರಿನಲ್ಲಿ: ತೌವಲುಂಗ, ಅತಿಥಿಗಳಿಗೆ ಸ್ವಾಗತದ ಕಾಣಿಕೆ.

ಅರ್ಥ ತೌಲಂಗದ್ದು, ಜಾಗ ಯಾವುದರದೂ ಅಲ್ಲ. ತೆಲೆಸಿಯಾ ಕಾರ್ಡು ಹಿಡಿದು ಹೋಟೆಲಿನ ಹಿತ್ತಲಿಗೆ ಹೋದಳು. ಸೆಫೊ ತಾಳ್ಮೆಯಿಂದ ವಿವರಿಸಿದ. ಆರೂವರೆಗೆ ಬೆಳಕು ಚೆನ್ನಾಗಿರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಏಳಕ್ಕೆ ಸೂಪು. ಎಂಟರ ಮೇಲೆ ಅತಿಥಿಗಳು ಹೊಟ್ಟೆ ಹೊತ್ತುಕೊಂಡು ಮಲಗಲು ಹೋಗುತ್ತಾರೆ. ಒಳ್ಳೆಯದನ್ನು ಕೊನೆಗಿಟ್ಟರೆ ನೋಡುವವರು ಯಾರು?

"ಅದು ಹೇಗೂ ನಿಜವಾದ ತೌವಲುಂಗ ಅಲ್ಲ ದೊಡ್ಡಮ್ಮ" ಎಂದ. "ಕಟ್ಟೋ ಮನೆಯವರು ಇಲ್ಲ, ಐವುಲಿ ಮಾಡೋರಿಲ್ಲ. ನೀವು ಬಂದು ಹೊರಳಿದ್ರೆ ತಾನೆ ಅದು ತೌವಲುಂಗ ಆಗೋದು? ಇದು ಒಂದು ಹುಡುಗಿ ನಿಂತು ಕೈ ಆಡ್ಸೋದು, ಅಷ್ಟೇ. ಅದಕ್ಕೇ ನಮ್ಮವರು ಅದಾದ್ಮೇಲೂ ಉಳಿದಿದ್ದೆಲ್ಲ ಕುಣೀತಾರೆ."

"ಹಾಗಾದ್ರೆ ಕಾರ್ಡಲ್ಲಿ ಆ ಹೆಸರು ಯಾಕೋ?"

"ಹೆಸರಿಗೆ ದೊಡ್ಡಮ್ಮ. ಬರೀ ಹೆಸರಿಗೆ."

ತುಯಿಂಗವನ್ನು ವಾಪಸು ಕೇಳಬಹುದಿತ್ತು. ಆದರೆ ಕೇಳುವ ಮೊದಲು ಚಾಪೆಯನ್ನು ವಾಪಸು ಇಡಬೇಕು. ಆ ಚಾಪೆಯನ್ನು ತೆಲೆಸಿಯಾ ಮರುತಿಂಗಳೇ ಒಂದು ಸಾವಿನ ಮನೆಗೆ ಒಯ್ದು ಕೊಟ್ಟಿದ್ದಳು. ಕೊಡದೆ ಇರುವುದಾದರೂ ಹೇಗೆ. ಅಂಥ ಚಾಪೆ ಮನೆಯಲ್ಲಿ ಮಲಗಲು ಬರುವುದಿಲ್ಲ, ದಾರಿ ಮೇಲೆ ದಣಿವಾರಿಸಿಕೊಳ್ಳಲು ಬರುತ್ತದೆ. ಈಗ ಅದು ಯಾವ ಊರಿನ ಯಾವ ಮದುವೆಯಲ್ಲಿತ್ತೋ. ಹಲ್ಲು ಕಡಿದುಕೊಂಡು ಬಂದಳು. ಆ ವಾರ ಅಂಗಳದ ಎರಡು ಬದಿಯ ಹುಲ್ಲೂ ಹೋಯಿತು.

ಅದೇ ಎರಡು ವರ್ಷದಲ್ಲಿ ಊರಿನ ಹೆಂಗಸರ ಸಂಘದ ಮನೆ ಮತ್ತೆ ಎದ್ದಿತ್ತು. ಹಳೆಯದನ್ನು ಚಂಡಮಾರುತ ಹೊತ್ತುಕೊಂಡು ಹೋಗಿತ್ತು. ತಗಡು ಹಾಕೋಣ ಎಂದ ಗಂಡಸರ ಬಾಯಿ ಮುಚ್ಚಿಸಿ, ತೆಲೆಸಿಯಾ ಮುಂದೆ ನಿಂತು ಕಬ್ಬಿನ ಗರಿಯ ಸೂರೇ ಆಗಬೇಕು ಎಂದಿದ್ದಳು. ಗರಿ ಹೆಣೆದು ಹೆಣೆದು ಅವಳ ಬೆರಳುಗಳು ಕರಿದ ಕಡುಬಿನಂತಾಗಿದ್ದವು. ಗುರುವಾರ ಸೂರಿನ ನೆತ್ತಿ ಮುಚ್ಚಿತು. ಶನಿವಾರ ಪ್ರವೇಶ. ಕೊನೆಯಲ್ಲಿ ಮೊಯೆಲಂಗಿಯ ತೌವಲುಂಗ. ಮನೆಯ ತೌವಲುಂಗ, ಕುಣಿತದ ತೌವಲುಂಗ ಎರಡೂ ಒಂದೇ ನೆತ್ತಿಯ ಕೆಳಗೆ. ತನ್ನ ಆಯುಷ್ಯದಲ್ಲಿ ಇನ್ನೊಂದು ಸಲ ಅಂಥ ದಿನ ಬರುವುದಿಲ್ಲ ಎಂದು ತೆಲೆಸಿಯಾಳಿಗೆ ಗೊತ್ತಿತ್ತು.

ಆದರೂ ಸೋಮವಾರ ವಾಯ್‌ಲೂಪೆಯ ಮುಂದೆ ನಿಂತು ಹೇಳಿಬಿಟ್ಟಳು: ದಿನಾ ಸೂಪಿಗೆ ಮುಂಚೆ ಕುಣಿಯುವ ತಲೆಗೆ ತಾನು ತುಯಿಂಗ ಕಟ್ಟುವುದಿಲ್ಲ. ಹೋಟೆಲಿನದು ನಿಲ್ಲಲಿ, ಆಮೇಲೆ ಶನಿವಾರದ ಮಾತು. ಮುಖ್ಯಸ್ಥ ಬೈಯುತ್ತಾನೆ, ಬೇಡಿಕೊಳ್ಳುತ್ತಾನೆ ಎಂದು ಕಾದಳು. ಅವನು ಎರಡನ್ನೂ ಮಾಡಲಿಲ್ಲ. ಕೋಕೋ ಕುಡಿಯುತ್ತಿದ್ದ ಬಟ್ಟಲನ್ನು ಕೆಳಗಿಟ್ಟು, ಅಪಿಯಾದ ಮಾರುಕಟ್ಟೆಯಲ್ಲಿ ಈಗ ರೆಡಿಮೇಡ್ ತುಯಿಂಗ ಸಿಗುತ್ತದೆ, ಹಿಂದೆ ಎಲಾಸ್ಟಿಕ್ ಇದೆ, ಟೋಪಿಯ ಹಾಗೆ ಹಾಕಿದರೆ ಆಯಿತು ಎಂದ.

"ನಿಮಗೂ ವಯಸ್ಸಾಯ್ತು ತೆಲೆಸಿಯಾ. ಶನಿವಾರ ಮುಂದೆ ಕುರ್ಚಿ ಹಾಕಿಸ್ತೀನಿ. ಆರಾಮಾಗಿ ಕೂತು ನೋಡಿ."

ಕೂತು ನೋಡುವುದು. ಹತ್ತೊಂಬತ್ತರಲ್ಲಿ ಹಿಂದಿನ ಸಾಲು, ಅರವತ್ತೆರಡರಲ್ಲಿ ಮುಂದಿನ ಸಾಲು. ಬಡ್ತಿ.

ಶುಕ್ರವಾರ ಬೆಳಿಗ್ಗೆ ಲೂಸೆ ಈ ಫೋಟೋ ತಂದದ್ದು ಇಂಥ ಬೆಂಕಿಯ ಮೇಲೆ. ಐದನೇ ಸಲ ನೋಡಿ ಮುಗಿಸಿದ ತೆಲೆಸಿಯಾ ಪೊರಕೆಯನ್ನು ಬೇಲಿಗೆ ಒರಗಿಸಿದಳು. ಮುಖದಲ್ಲಿ ಒಂದು ಬಗೆಯ ಸಮಾಧಾನ ಕಂಡು ಲೂಸೆಗೆ ಭಯವಾಯಿತು.

"ಏನೇ?"

"ಇವನಿಗೆ ಹಕ್ಕಿದೆಯಾ?"

"ಯಾರಿಗೆ, ಈ ಬೋಳನಿಗಾ? ಇವನಿಗೆ ಬಾಚಣಿಗೆ ಇಟ್ಕೊಳ್ಳೋ ಹಕ್ಕೂ ಇಲ್ಲ."

"ಹಕ್ಕಿಲ್ಲದ ತಲೆಗೆ ಹೋಗಿದೆ. ಇನ್ನು ನಂಗೆ ಚಾಪೆ ಹಂಗಿಲ್ಲ. ಸಂಜೆ ಹೋಗಿ ಕಿತ್ಕೊಂಡು ಬರ್ತೀನಿ."

"ಸಂಜೆ ಅದು ಇರೋದು ಮೊಯೆಲಂಗಿ ತಲೆ ಮೇಲೆ."

"ಇರ್ಲಿ."

ಸಂಜೆ ಆರು ದಾಟುತ್ತಿದ್ದಂತೆ ಶಂಖ ಊದಿದರು. ಮನೆಮನೆಯಲ್ಲೂ ಪ್ರಾರ್ಥನೆಯ ಹೊತ್ತು. ಅದು ಮುಗಿಯುವವರೆಗೆ ಊರಿನ ರಸ್ತೆಯಲ್ಲಿ ನಾಯಿಯೂ ನಡೆಯುವಂತಿಲ್ಲ. ನಡೆದವರಿಗೆ ಒಂದು ಪೆಟ್ಟಿಗೆ ಡಬ್ಬಿಮೀನಿನ ದಂಡ. ರಸ್ತೆಯ ಇಕ್ಕೆಲದಲ್ಲಿ ಲುಂಗಿ ಬಿಗಿದ ಯುವಕರು ದೊಣ್ಣೆ ಹಿಡಿದು ಕಾವಲು ಕೂತಿದ್ದರು. ಅವರ ನಡುವೆ ತೆಲೆಸಿಯಾ ನಡುರಸ್ತೆಯಲ್ಲಿ ನಡೆದುಹೋದಳು. ಒಬ್ಬ ಏಳಲು ಹೋದ. ಅವಳ ಮುಖ ನೋಡಿ, ಕೂತಲ್ಲೇ ಶಿಲುಬೆಯ ಗುರುತು ಹಾಕಿಕೊಂಡ. ಹಿಂದೆ ಇಪ್ಪತ್ತು ಹೆಜ್ಜೆ ಅಂತರದಲ್ಲಿ ಲೂಸೆ ಬಾಯಲ್ಲಿ ಜಪ ಹೇಳುತ್ತ ಬರುತ್ತಿದ್ದಳು. ಪ್ರಾರ್ಥನೆ ಮಾಡುತ್ತಲೇ ನಡೆದರೆ ದಂಡವಿಲ್ಲ ಎಂದು ಆಮೇಲೆ ಅವಳು ವಾದಿಸಿದಳು.

ಹೋಟೆಲಿನ ಮರಳ ಅಂಗಳದಲ್ಲಿ ಮೇಜುಗಳು ತುಂಬಿದ್ದವು. ಮೈಕಿನಲ್ಲಿ ಸೆಫೊ ನಗುತ್ತ ಸ್ವಾಗತ ಹೇಳಿದ. ನಗಾರಿ ಎದ್ದಿತು. ಮೊಯೆಲಂಗಿ ನಡುವೆ ಬಂದಳು.

ತೆಲೆಸಿಯಾ ಅಡಿಗೆಮನೆಯ ಪಕ್ಕದಿಂದ ಸುತ್ತಿ ಅವಳ ಬೆನ್ನ ಹಿಂದಕ್ಕೆ ಬಂದಳು. ಲೆಕ್ಕ ಸರಳವಾಗಿತ್ತು. ಎಂಟು ಹೆಜ್ಜೆ, ಎರಡು ಕೈ, ಒಂದು ಎಳೆತ. ಐದನೇ ಹೆಜ್ಜೆಯಲ್ಲಿ ಅವಳ ಕಣ್ಣು ಹುಡುಗಿಯ ಕತ್ತಿನ ಮೇಲೆ ಬಿತ್ತು, ಕಾಲು ನಿಂತಿತು.

ಹೋಟೆಲಿನಲ್ಲಿ ತುಯಿಂಗವನ್ನು ಒಂದು ಪಟ್ಟಿಯಲ್ಲಿ ಸಿಕ್ಕಿಸುತ್ತಾರೆ, ಎರಡು ನಿಮಿಷದ ಕೆಲಸ ಎಂದು ಕೇಳಿದ್ದಳು. ಇದು ಸಿಕ್ಕಿಸಿದ್ದಲ್ಲ. ಹುಡುಗಿಯ ಸ್ವಂತ ಕೂದಲನ್ನು ಸೀಳುಸೀಳು ಮಾಡಿ, ನಾರಬಟ್ಟೆಯ ಪಟ್ಟಿ ಸುತ್ತಿ, ಬುಡದಲ್ಲಿ ಗಂಟಿನ ಮೇಲೆ ಗಂಟು ಹಾಕಿ ಬಿಗಿದಿತ್ತು. ಹುಬ್ಬು ಮೇಲಕ್ಕೆ ಎಳೆದುಕೊಂಡಿದ್ದವು, ಚಿಪ್ಪಿನ ಪಟ್ಟಿಯ ಕೆಳಗೆ ಚರ್ಮ ಕೆಂಪಗೆ ಬರೆ ಬಿದ್ದಿತ್ತು. ಗಂಟುಗಳು ತೆಲೆಸಿಯಾಳ ಮನೆಯ ಗಂಟುಗಳು; ಒಂದು ಮಳೆಗಾಲವಿಡೀ ಆಕೆಯೇ ಹುಡುಗಿಗೆ ಕಲಿಸಿದ್ದು. ಹಾಕಿದ ಕೈ ಮಾತ್ರ ಬೇರೆಯವರದು, ಒರಟು.

ಒಗೆದ ಚಾದರಗಳ ಮರೆಯಲ್ಲಿ ನಿಂತಿದ್ದ ಆನಾ ಅವಳ ತೋಳು ಹಿಡಿದಳು. ಗಂಟು ಹಾಕಿದ್ದು ತಾನೇ ಎಂದು ಪಿಸುಗುಟ್ಟಿದಳು, ಮೊಯೆಲಂಗಿ ಹೇಳಿಕೊಟ್ಟಂತೆ. ಆ ಬೋಳುತಲೆಯವನು ಎರಡು ವಾರದ ಹಿಂದೆ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ತುಯಿಂಗವನ್ನು ಎತ್ತಿ ಹಾಕಿಕೊಂಡ. ಸೆಫೊ ನಕ್ಕು ಫೋಟೋ ತೆಗೆದ. ಹುಡುಗಿ ರಾತ್ರಿಯಿಡೀ ಅತ್ತು ಮರುದಿನದಿಂದ ಹೀಗೆ ಕಟ್ಟಿಸಿಕೊಳ್ಳುತ್ತಿದ್ದಾಳೆ.

"ಬಿಚ್ಚೋಕೆ ಒಂದು ಗಂಟೆ ಬೇಕು ಅಜ್ಜಿ. ಅಷ್ಟು ಹೊತ್ತು ಯಾರು ಕಾಯ್ತಾರೆ? ಅದಕ್ಕೇ ಈಗ ಯಾರೂ ಹಾಕ್ಕೊಳ್ಳೋಕೆ ಕೇಳಲ್ಲ. ನಿಮಗೆ ಹೇಳ್ಬೇಡ ಅಂದಿದ್ಲು. ನಿಮ್ಮ ಮುಖ ನೋಡೋಕೆ ಅವಳಿಗೆ ಹೆದರಿಕೆ."

ತೆಲೆಸಿಯಾಳ ಕೋಪ ಇಳಿಯಲಿಲ್ಲ. ಅದು ಇಳಿಯುವ ಜಾತಿಯದಲ್ಲ. ಗಾಡಿ ತಿರುಗಿಸಿಕೊಳ್ಳುವ ಎತ್ತಿನ ಹಾಗೆ ಅದು ನಿಧಾನವಾಗಿ, ಭಾರವಾಗಿ ಹುಡುಗಿಯ ಬೆನ್ನಿನಿಂದ ತಿರುಗಿ ಮೈಕಿನತ್ತ ಮುಖ ಮಾಡಿತು. ಹಿತ್ತಲಲ್ಲಿ ಸೆಫೊ ಅಂದಿದ್ದ ಮಾತು ನೆನಪಾಯಿತು: ನೀವು ಬಂದು ಹೊರಳಿದರೆ ತಾನೆ.

ಆಕೆ ಬಾಯಿಗೆ ಅಂಗೈ ಅಡ್ಡ ಹಿಡಿದು ಒಂದು ಕೂಗು ಹಾಕಿದಳು. ಮುಂದಿನ ಮೇಜಿನ ಹೆಂಗಸಿನ ಕೈಯಿಂದ ಚಮಚ ಬಿತ್ತು. ಆಮೇಲೆ ಆ ಅರವತ್ತೆರಡರ ದೇಹ, ಸವೆದ ಮಂಡಿಯ ಸಮೇತ, ಅಂಗಳಕ್ಕೆ ನುಗ್ಗಿತು. ಕುಪ್ಪಳಿಸಿತು, ಕಣ್ಣು ಹೊರಳಿಸಿತು, ಏಡಿಯ ಹಾಗೆ ಅಡ್ಡಡ್ಡ ಓಡಿತು, ಮೊಯೆಲಂಗಿಯ ಪಾದದ ಬಳಿ ದೊಪ್ಪನೆ ಬಿದ್ದು ಮರಳಿನಲ್ಲಿ ಹೊರಳಿತು. ಹುಡುಗಿಯ ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಆಮೇಲೆ ಅವಳ ಬೆನ್ನು ಎರಡು ಅಂಗುಲ ಮೇಲೆದ್ದಿತು.

ವಾಗ್ಮಿಗಳ ಮನೆಯ ಹಿರಿಯಳು ನೆಲದಲ್ಲಿ ಹೊರಳುವಾಗ ಫಂಗಾಸಿನದವರು ಕೈಕಟ್ಟಿ ನಿಲ್ಲಲಾರರು. ಮೊದಲು ಲೂಸೆ ಬಂದಳು. ಹೆಸರಿಗೆ ತಕ್ಕ ಹಾಗೆ ಕುಣಿದಳು. ಅಡಿಗೆಮನೆಯಿಂದ ಸೌಟು ಹಿಡಿದ ಹೆಂಗಸರು ಬಂದರು. ಆನಾ ಬಂದಳು. ಗೇಟಿನ ಕಾವಲುಗಾರ ಟೋಪಿ ತಿರುಗುಮುರುಗು ಮಾಡಿಕೊಂಡು ಬಂದು ಲಾಗ ಹಾಕಿದ. ಸೂಪಿನ ಬಟ್ಟಲು ಜೋಡಿಸುತ್ತಿದ್ದವನು ತಟ್ಟೆಯನ್ನು ಯಾರದೋ ಮಡಿಲಿನ ಪಕ್ಕ ಇಟ್ಟು ಬಂದ. ನಗಾರಿಯ ಸದ್ದು ಬದಲಾಯಿತು. ಕೋಲು ಹಿಡಿದವರ ಮುಖದಲ್ಲಿ ಹೋಟೆಲಿನ ನಗು ಹೋಗಿ ಇಗರ್ಜಿಯ ಅಂಗಳದ ಗಾಂಭೀರ್ಯ ಬಂತು. ನಡುವೆ ಮೊಯೆಲಂಗಿ ಏನೂ ಆಗದವಳಂತೆ, ಬೆರಳ ತುದಿಯಲ್ಲಿ ಗಾಳಿ ಮಡಚುತ್ತ ಇದ್ದಳು. ಅತಿಥಿಗಳು ಎದ್ದು ನಿಂತು ಫೋನು ಎತ್ತಿದ್ದರು.

ಸರಿಯಾದ ಗಳಿಗೆಯಲ್ಲಿ ತೆಲೆಸಿಯಾ ಮೊಣಕಾಲ ಮೇಲೆ ಎದ್ದು, ವಾಗ್ಮಿಗಳ ಎತ್ತರದ ದನಿಯಲ್ಲಿ, ಸೂರು ಮುಚ್ಚಿತು, ಮನೆ ಮುಗಿಯಿತು, ಕೈ ತೊಳೆಯಿರಿ ಎಂದು ಸಾರಿದಳು. ಮೊಯೆಲಂಗಿ ಕೈ ಇಳಿಸಿದಳು. ನಗಾರಿಯವರು ಕೋಲನ್ನು ನೆಲದ ಮೇಲೆ ಅಡ್ಡಲಾಗಿಟ್ಟರು. ಸಾಲಿನಲ್ಲಿ ಕಾಯುತ್ತಿದ್ದ ಕುಣಿತದವರು ಸದ್ದಿಲ್ಲದೆ ಹೂಮಾಲೆ ಬಿಚ್ಚತೊಡಗಿದರು. ಬೆಂಕಿಕತ್ತಿ ತಿರುಗಿಸುವ ತೋಮಸಿ, ಆಗಲೇ ಹೊತ್ತಿಸಿದ್ದ ಕತ್ತಿಯನ್ನು ಬಕೆಟ್ಟಿನ ನೀರಿಗೆ ಅದ್ದಿದ. ಸುಂಯ್ ಎಂದ ಸದ್ದು ಎಲ್ಲರಿಗೂ ಕೇಳಿಸಿತು. ಅತಿಥಿಗಳು ಚಪ್ಪಾಳೆ ತಟ್ಟಿದರು.

ಸೆಫೊ ಮೈಕನ್ನು ಬೆನ್ನ ಹಿಂದೆ ಹಿಡಿದು ಓಡಿ ಬಂದ.

"ದೊಡ್ಡಮ್ಮ, ಇನ್ನೂ ಏಳು ಕುಣಿತ ಬಾಕಿ ಇವೆ."

"ಯಾವ ಮನೇದೋ? ಇದರ ಸೂರು ಮುಚ್ಚಿ ಆಯ್ತಲ್ಲ."

"ತೋಮಸಿ, ಹೋಗೋ, ಕತ್ತಿ ಹಚ್ಚೋ." ತೋಮಸಿ ತನ್ನ ಕಾಲ್ಬೆರಳುಗಳನ್ನು ನೋಡಿಕೊಂಡು ನಿಂತ. ಸೆಫೊ ದನಿ ತಗ್ಗಿಸಿದ. "ಈಗ ಆರೂ ಮುಕ್ಕಾಲು. ಎಂಟರವರೆಗೆ ಇವರನ್ನ ಏನು ಮಾಡ್ಲಿ ನಾನು?"

"ಜಪ ಹೇಳಿಸು. ಊರೆಲ್ಲ ಅದನ್ನೇ ಮಾಡ್ತಿದೆ."

"ಬರೀ ಹೆಸರಿಗೆ ಅಂತ ಹೇಳಿದ್ನಲ್ಲ ದೊಡ್ಡಮ್ಮ ನಿಮಗೆ."

"ನಾನು ಬಂದ್ರೆ ನಿಜವಾದ್ದು ಅಂತಾನೂ ನೀನೇ ಹೇಳಿದ್ದೆ. ಬಂದಿದೀನಿ." ಆಕೆ ಬಾಯಿಂದ ಮರಳು ಉಗಿದಳು. "ನಿಂಗೆ ನಾನು ಕಲಿಸಿದ್ದು ಸೆಫೊ. ಕೈಯಲ್ಲಿ ಬೆತ್ತ ಹಿಡಿದು ಕಲಿಸಿದ್ದು. ಗೊತ್ತಿಲ್ದೆ ಮಾಡಿದ್ರೆ ಇವತ್ತು ನಗ್ತಿದ್ದೆ. ಗೊತ್ತಿದ್ದೂ ಮಾಡ್ದೆ, ನಗ್ತಾ ಫೋಟೋನೂ ತೆಗ್ದೆ. ಅದು ಲೋಸಳ ತಲೆಗೂದಲು ಕಣೋ. ನಿನ್ನ ಎತ್ತಿ ಆಡಿಸಿದೋಳು."

ಅಷ್ಟರಲ್ಲಿ ಮುಂದಿನ ಮೇಜಿನವರು ಸೂಪು ಎಲ್ಲಿ ಎಂದು ಕೇಳಿದರು.

ಅಡಿಗೆಮನೆಯ ಹಿಂದೆ, ತಲೆಕೆಳಗಾದ ಬಕೆಟ್ಟಿನ ಮೇಲೆ ಮೊಯೆಲಂಗಿಯನ್ನು ಕೂರಿಸಿ ತೆಲೆಸಿಯಾ ಗಂಟು ಬಿಚ್ಚಿದಳು. ನಿಜವಾಗಿಯೂ ಒಂದು ಗಂಟೆ ಹಿಡಿಯಿತು. ಹುಡುಗಿ ಸದ್ದಿಲ್ಲದೆ ಅಳುತ್ತಿದ್ದಳು. ತೆಲೆಸಿಯಾ ಕೊನೆಯ ಗಂಟು ಬಿಚ್ಚಿ, ತುಯಿಂಗವನ್ನು ತನ್ನ ಸೀರೆಯಗಲದ ಮೇಲುಬಟ್ಟೆಯಲ್ಲಿ ಸುತ್ತಿಕೊಂಡು ಎದ್ದ ಮೇಲೆ, ನಾಳೆ ಆರಕ್ಕೆಲ್ಲ ಬಾ, ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡ, ಜಾರುತ್ತದೆ ಎಂದಳು.

ಶನಿವಾರ ಬೆಳಿಗ್ಗೆ ವಾಯ್‌ಲೂಪೆಯ ಕಾರು ಅವಳ ಅಂಗಳದಲ್ಲಿ ನಿಂತಿತು. ಎಲಾಸ್ಟಿಕ್ಕಿನ ತುಯಿಂಗ ಪ್ಲಾಸ್ಟಿಕ್ ಚೀಲದೊಳಗೆ ಹಿಂದಿನ ಸೀಟಿನಲ್ಲಿತ್ತು. ಮುಖ್ಯಸ್ಥ ಕಾರಿನಿಂದ ಇಳಿಯಲಿಲ್ಲ. ಮಗಳನ್ನು ಇಳಿಸಿ, ಗಾಜಿನ ಮೂಲಕ ತೆಲೆಸಿಯಾಳನ್ನು ನೋಡಿ, ಆಕೆ ತನ್ನನ್ನು ನೋಡುತ್ತಿರುವ ಬಗೆಯನ್ನೂ ನೋಡಿ, ಕುರ್ಚಿಯ ಮಾತು ಎತ್ತದೆ ಹೋದ.

ಕಟ್ಟಲು ಎರಡು ಗಂಟೆ. ಸೀಳು, ಸುತ್ತು, ಗಂಟು. ಮೊಯೆಲಂಗಿಯ ಹುಬ್ಬು ಮೇಲೇರಿದವು, ಕಣ್ಣಂಚಿನಲ್ಲಿ ನೀರು ನಿಂತಿತು.

"ಇನ್ನೂ ಕೋಪಾನಾ ಅಜ್ಜಿ?"

"ಹೂಂ."

"ನನ್ ಮೇಲಾ?"

"ಸೆಫೊ ಮೇಲೆ. ನಿಮ್ಮಪ್ಪನ ಮೇಲೆ. ಆ ಬೋಳನ ಮೇಲೆ. ಆ ಚಾಪೆ ಮೇಲೆ. ನಿಂದು ಆಮೇಲೆ."

"ಸ್ವಲ್ಪ ಸಡಿಲ ಮಾಡಿ ಅಜ್ಜಿ. ತುಂಬ ನೋಯ್ತಿದೆ."

"ಕೋಪ ಇಳಿದ್ಮೇಲೆ ಸಡಿಲ ಮಾಡ್ತೀನಿ. ನೆಟ್ಟಗೆ ಕೂತ್ಕೋ."

ಮಧ್ಯಾಹ್ನ ಭಾಷಣಗಳು ಮುಗಿದು, ಹಂದಿಗಳ ಹಂಚಿಕೆ ಮುಗಿದು, ಊರಿನ ಕುಣಿತಗಳೆಲ್ಲ ಮುಗಿದ ಮೇಲೆ, ಕೊನೆಗೆ ಮೊಯೆಲಂಗಿ ಹೊಸ ಮನೆಯ ನಡುವೆ ನಿಂತಳು. ತೆಲೆಸಿಯಾ ಅವಳ ಪಾದದ ಬಳಿ ಹೊರಳಿದಳು, ಹಿಂದಿನ ಸಂಜೆಯ ಮಂಡಿನೋವಿಗೆ ಬೈಯುತ್ತ. ಒಮ್ಮೆ ಅಂಗಾತ ಬಿದ್ದಾಗ ಏಳಲಾಗದೆ ಹಾಗೇ ಮಲಗಿ ಮೇಲೆ ನೋಡಿದಳು. ಹುಡುಗಿಯ ತಲೆಯ ಮೇಲೆ ಅಮ್ಮನ ಕೂದಲು, ಲೋಸಳ ಕೂದಲು, ತನ್ನ ಹತ್ತೊಂಬತ್ತರ ಕೂದಲು ಒಟ್ಟಿಗೆ ನಡುಗುತ್ತಿದ್ದವು. ಅದರ ಮೇಲೆ ತಾನೇ ಹೆಣೆದ ಸೂರಿನ ನೆತ್ತಿ. ಕುರ್ಚಿಯಲ್ಲಿ ಕೂತವರಿಗೆ ಎರಡೂ ಒಟ್ಟಿಗೆ ಕಾಣುವುದಿಲ್ಲ. ಲೂಸೆ ಬಂದು ಅವಳನ್ನು ಕಂಕುಳಿಗೆ ಕೈಕೊಟ್ಟು ಎತ್ತಿದಳು. ಜನ ಅದನ್ನೂ ಐವುಲಿಯೆಂದುಕೊಂಡು ನಕ್ಕರು. ತೆಲೆಸಿಯಾ ಸಾರಿದಳು. ಅದಾದ ಮೇಲೆ ಯಾರೂ ಕುಣಿಯಲಿಲ್ಲ.

ಎಲಾಸ್ಟಿಕ್ಕಿನ ತುಯಿಂಗ ಈಗ ಹೋಟೆಲಿನಲ್ಲಿದೆ. ಬೋಳುತಲೆಗಳಿಗೂ ಚೆನ್ನಾಗಿ ಹಿಡಿಯುತ್ತದಂತೆ. ಮೊಯೆಲಂಗಿ ಅಲ್ಲಿಗೆ ಹೋಗುವುದಿಲ್ಲ. ಮರುವಾರ ಆನಾ ಹೊಸ ಕಾರ್ಡು ತಂದು ತೋರಿಸಿದಳು. ಸೆಫೊ ಹೆದರಿಕೊಂಡು ತೌವಲುಂಗವನ್ನು ಎಂಟನೇ ನಂಬರಿಗೆ, ಎಲ್ಲಕ್ಕಿಂತ ಕೊನೆಗೆ ಇಳಿಸಿದ್ದ. ಪಕ್ಕದಲ್ಲಿ ಅರ್ಥ: ಅತಿಥಿಗಳಿಗೆ ವಿದಾಯದ ಕಾಣಿಕೆ.

ತೆಲೆಸಿಯಾ ಕಾರ್ಡನ್ನು ಎರಡು ಸಲ ಓದಿದಳು. ಆಮೇಲೆ ಪೊರಕೆ ಎತ್ತಿಕೊಂಡಳು.